ಮೇಲಿನ ಹೊಲ ಸೊರಗಿದ್ದು ಏಕೆ? ಗೊಬ್ಬರ ಹೆಚ್ಚಿಸುವ ಮೊದಲು ಒಂದು ಗುಂಡಿ ತೋಡಿ

ಪ್ರಶ್ನೆ: ನಮ್ಮ ಜಮೀನು ನದಿಯೊಂದಕ್ಕೆ ಸೇರುವ ಹಳ್ಳದ ಜಲಾನಯನದಲ್ಲಿದೆ. ದಿಣ್ಣೆಯ ನೆತ್ತಿಯಿಂದ ಹಳ್ಳದ ದಂಡೆಯವರೆಗೆ ಒಂದೇ ಇಳಿಜಾರು. ಮಳೆಯಾಶ್ರಿತ ಮೆಕ್ಕೆಜೋಳ ಬೆಳೆಯುತ್ತೇವೆ. ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ದಿನ ಬಿತ್ತನೆ. ಆದರೂ ಮೇಲಿನ ತುಂಡಿನ ಇಳುವರಿ ಕೆಳಗಿನದರ ಅರ್ಧ. ಮೂವತ್ತು ವರ್ಷದ ಹಿಂದೆ ಇಷ್ಟು ವ್ಯತ್ಯಾಸ ಇರಲಿಲ್ಲ ಎನ್ನುತ್ತಾರೆ ಹಿರಿಯರು. ಮಳೆಗಾಲದಲ್ಲಿ ಹಳ್ಳ ಕೆಂಪಗೆ ಹರಿಯುವುದರಿಂದ ಮಣ್ಣಿನ ಸವಕಳಿಯೇ ಕಾರಣ ಅಂದುಕೊಂಡಿದ್ದೇವೆ. ಆದರೆ ಮಣ್ಣು ಪರೀಕ್ಷೆ ಮಾಡಿಸಿದರೆ ಎರಡೂ ತುಂಡುಗಳ ವರದಿ ಹೆಚ್ಚುಕಡಿಮೆ ಒಂದೇ. ಮೇಲಿನ ಹೊಲಕ್ಕೆ ಗೊಬ್ಬರ ಹೆಚ್ಚಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಬರೀ ಗೊಬ್ಬರದಿಂದ ಸರಿಹೋಗುವ ಸಾಧ್ಯತೆ ಕಡಿಮೆ. ಸವಕಳಿ ಖಂಡಿತ ಒಂದು ಕಾರಣ, ಆದರೆ ಬಹುಶಃ ನೀವು ಅಂದುಕೊಂಡ ಬಗೆಯ ಸವಕಳಿ ಅಲ್ಲ. ಹಳ್ಳದ ಕೆಂಪು ನೀರನ್ನು ನೋಡಿ ಹೊಲದ ಲೆಕ್ಕ ಹಾಕಲು ಬರುವುದಿಲ್ಲ. ಎಷ್ಟು ಮಣ್ಣು ಹೋಯಿತು ಎನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬದಿಗಿಟ್ಟು, ಎಷ್ಟು ಉಳಿದಿದೆ ಮತ್ತು ಅದರ ಅಡಿಯಲ್ಲಿ ಏನಿದೆ ಎಂದು ಮೊದಲು ನೋಡಬೇಕು. ಬೆಳೆ ಬದುಕುವುದು ಉಳಿದ ಮಣ್ಣಿನಲ್ಲಿ.

ಮೊದಲು ಆ ಪರೀಕ್ಷೆಯ ವರದಿಯ ಒಗಟನ್ನು ಬಿಡಿಸೋಣ. ಪರೀಕ್ಷೆಗೆ ಮಣ್ಣು ತೆಗೆಯುವುದು ಸಾಮಾನ್ಯವಾಗಿ ಮೇಲಿನ 15 ಸೆಂಟಿಮೀಟರ್‌ನಿಂದ. ಮೇಲ್ಮಣ್ಣು ಐದು ಸೆಂಟಿಮೀಟರ್ ಕೊಚ್ಚಿಹೋದರೂ ಮುಂದಿನ ಉಳುಮೆಯಲ್ಲಿ ನೇಗಿಲು ಐದು ಸೆಂಟಿಮೀಟರ್ ಕೆಳಮಣ್ಣನ್ನು ಮೇಲೆತ್ತಿ ಬೆರೆಸುತ್ತದೆ. ಹೊಲದ ಮೇಲೆ ನಿಂತು ನೋಡಿದರೆ ಮತ್ತೆ ಅದೇ 15 ಸೆಂಟಿಮೀಟರ್ ಹದವಾದ ಮಣ್ಣು. ಅದಕ್ಕೆ ವರ್ಷವರ್ಷವೂ ಒಂದೇ ಗೊಬ್ಬರ ಬೀಳುತ್ತಿರುವುದರಿಂದ ರಂಜಕ, ಪೊಟ್ಯಾಶ್ ಅಂಕಿಗಳೂ ಹತ್ತಿರ ಹತ್ತಿರವೇ ಬರುತ್ತವೆ. ವರದಿ ಸುಳ್ಳು ಹೇಳುತ್ತಿಲ್ಲ. ಅದು ಹೇಳುವುದು ಒಂದು ಕಿಲೋ ಮಣ್ಣಿನಲ್ಲಿ ಏನಿದೆ ಎಂಬುದನ್ನು. ಬೇರಿಗೆ ಎಷ್ಟು ಕಿಲೋ ಮಣ್ಣು ಸಿಗುತ್ತದೆ ಎಂಬುದು ಅದರಲ್ಲಿ ಇರುವುದೇ ಇಲ್ಲ.

ಇನ್ನೊಂದು ಸಂಗತಿ ಇದೆ, ಅದನ್ನು ಹೇಳುವವರು ಕಡಿಮೆ. ಪ್ರಯೋಗಾಲಯದಲ್ಲಿ ಮಾದರಿಯನ್ನು 2 ಮಿಲಿಮೀಟರ್ ಜರಡಿಯಲ್ಲಿ ಸೋಸುತ್ತಾರೆ. ಜರಡಿಯ ಮೇಲೆ ಉಳಿದ ಕಲ್ಲು, ಗರಸನ್ನು ಪಕ್ಕಕ್ಕಿಟ್ಟು ಕೆಳಗೆ ಬಿದ್ದ ನುಣ್ಣನೆಯ ಮಣ್ಣನ್ನಷ್ಟೇ ಪರೀಕ್ಷಿಸುತ್ತಾರೆ. ಸವೆದ ಹೊಲದಲ್ಲಿ ನುಣ್ಣನೆಯ ಕಣಗಳು ಹೋಗಿ ಕಲ್ಲು ಮೇಲೆ ಉಳಿಯುತ್ತದೆ. ಮೇಲಿನ ತುಂಡಿನ ಮಣ್ಣಿನ ಗಾತ್ರದಲ್ಲಿ ಶೇ 40ರಷ್ಟು ಕಲ್ಲೇ ಇದ್ದರೆ, ನುಣ್ಣನೆಯ ಮಣ್ಣು ಇರುವುದು ಶೇ 60 ಮಾತ್ರ. ಅದರಲ್ಲಿರುವ ಪೋಷಕಾಂಶವೂ ನೀರೂ ಅಷ್ಟರಮಟ್ಟಿಗೇ ಕಡಿಮೆ. ಎರಡೂ ಹೊಲಗಳ ವರದಿ ಒಂದೇ ರೀತಿ ಇದ್ದು ಬೆಳೆ ಅರ್ಧ ಬರುವುದರಲ್ಲಿ ಹಾಗಾಗಿ ವಿರೋಧಾಭಾಸವೇನೂ ಇಲ್ಲ.

ಈಗ ಆಳದ ಮಾತು. ಮಳೆಯಾಶ್ರಿತ ಬೇಸಾಯದಲ್ಲಿ ಮಣ್ಣು ಮೊದಲು ನೀರಿನ ತೊಟ್ಟಿ, ಆಮೇಲೆ ಆಹಾರದ ಉಗ್ರಾಣ. ಮರಳೂ ಜೇಡಿಯೂ ಹದವಾಗಿ ಬೆರೆತ ಒಳ್ಳೆಯ ಗೋಡು ಮಣ್ಣು ಒಂದು ಸೆಂಟಿಮೀಟರ್ ಆಳದಲ್ಲಿ ಸುಮಾರು 1.5ರಿಂದ 2 ಮಿಲಿಮೀಟರ್‌ನಷ್ಟು ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡುತ್ತದೆ. ಮರಳು ಮಣ್ಣಾದರೆ ಇದರ ಅರ್ಧವೂ ಇಲ್ಲ. ಅಂದರೆ 10 ಸೆಂಟಿಮೀಟರ್ ಗೋಡು ಮಣ್ಣು ಹೋಯಿತೆಂದರೆ 15ರಿಂದ 20 ಮಿಲಿಮೀಟರ್ ನೀರಿನ ಜಾಗ ಹೋಯಿತು. ಹೂ ಬಿಡುವ ಹೊತ್ತಿನ ಮೆಕ್ಕೆಜೋಳ ಬಿಸಿಲಿದ್ದರೆ ದಿನಕ್ಕೆ ಐದಾರು ಮಿಲಿಮೀಟರ್ ನೀರು ಕುಡಿಯುತ್ತದೆ. ಲೆಕ್ಕ ಹಾಕಿ: ಎರಡು ಮಳೆಗಳ ನಡುವೆ ಬೆಳೆ ತಾಳಿಕೊಳ್ಳಬಲ್ಲ ದಿನಗಳಲ್ಲಿ ಮೂರು ನಾಲ್ಕು ದಿನ ಕಡಿಮೆಯಾದವು. ಸೂಲಂಗಿ ಹೊರಬರುವ ಹೊತ್ತಿಗೆ ಆ ನಾಲ್ಕು ದಿನ ಬಿದ್ದರೆ ಕಾಳು ಕಟ್ಟುವುದು ಬಹಳಷ್ಟು ಕುಗ್ಗುತ್ತದೆ. ಅದೇ ಮಳೆ ಚೆನ್ನಾಗಿ ಹಂಚಿಕೆಯಾದ ವರ್ಷ ಎರಡೂ ಹೊಲಗಳ ನಡುವೆ ಅಂತರ ತಗ್ಗುತ್ತದೆ. ನಿಮ್ಮ ಹಿರಿಯರನ್ನು ಇದನ್ನೊಂದು ಕೇಳಿ ನೋಡಿ: ಒಳ್ಳೆಯ ಮಳೆಯ ವರ್ಷಗಳಲ್ಲೂ ಮೇಲಿನ ಹೊಲ ಅರ್ಧವೇ ಕೊಡುತ್ತಿತ್ತೇ? ಆಗ ಅಂತರ ಕಡಿಮೆಯಾಗುತ್ತಿತ್ತು ಎಂದರೆ ನಿಮ್ಮ ಮುಖ್ಯ ತೊಂದರೆ ನೀರು ಹಿಡಿಯುವ ಆಳದ್ದು. ಯಾವ ವರ್ಷವೂ ಅಂತರ ಬದಲಾಗಲಿಲ್ಲ ಎಂದರೆ ಪೋಷಕಾಂಶದ ಕಡೆ, ಇಲ್ಲವೇ ಕೆಳಮಣ್ಣಿನ ಕ್ಷಾರ, ಆಮ್ಲ, ಗಡಸುತನದ ಕಡೆ ನೋಡಬೇಕು.

ಇಲ್ಲೇ ಅಡಿಯಲ್ಲಿ ಏನಿದೆ ಎಂಬ ಪ್ರಶ್ನೆ ಬರುವುದು. ಒಂದೂವರೆ ಮೀಟರ್ ಆಳದ, ಬೇರು ಸಲೀಸಾಗಿ ಇಳಿಯುವ ಮಣ್ಣಿನಲ್ಲಿ 10 ಸೆಂಟಿಮೀಟರ್ ಹೋದರೆ ಬೆಳೆ ಇನ್ನಷ್ಟು ಕೆಳಗಿಳಿದು ನೀರು ಹುಡುಕಿಕೊಳ್ಳುತ್ತದೆ. ನಷ್ಟ ಆಗುತ್ತದೆ, ಆದರೆ ಅದು ಬಹುಮಟ್ಟಿಗೆ ಸಾರದ ನಷ್ಟ. ಗೊಬ್ಬರದಿಂದ ಸಾಕಷ್ಟು ತುಂಬಬಹುದು. ಅದೇ 35 ಸೆಂಟಿಮೀಟರ್ ಕೆಳಗೆ ಬಂಡೆ, ಗಟ್ಟಿ ಗರಸು ಅಥವಾ ಬೇರು ತೂರದ ಜೇಡಿಯ ಪದರ ಇದ್ದರೆ, 10 ಸೆಂಟಿಮೀಟರ್ ಎಂದರೆ ತೊಟ್ಟಿಯ ಕಾಲುಭಾಗಕ್ಕಿಂತ ಹೆಚ್ಚು. ಅದನ್ನು ಯಾವ ಚೀಲದ ಗೊಬ್ಬರವೂ ತುಂಬಿಕೊಡುವುದಿಲ್ಲ. ಒಂದೇ ಜಲಾನಯನದ ಎರಡು ದಿಣ್ಣೆಗಳಲ್ಲಿ ಸಮನಾಗಿ ಮಣ್ಣು ಹೋದರೂ ಒಂದರ ಬೆಳೆ ಅಲುಗದೆ ಇನ್ನೊಂದರದ್ದು ಮಕಾಡೆ ಮಲಗುವುದು ಇದೇ ಕಾರಣಕ್ಕೆ.

ಸವಕಳಿಯಿಂದ ಇಳುವರಿ ಎಷ್ಟು ಕುಸಿಯುತ್ತದೆ ಎಂದು ಜಗತ್ತಿನ ನಾನಾ ಕಡೆ ಪ್ರಯೋಗಗಳಾಗಿವೆ. ಅವುಗಳನ್ನು ಒಟ್ಟುಗೂಡಿಸಿ ಬಾಕರ್, ಗೋವರ್ಸ್ ಮತ್ತು ರೌನ್ಸ್‌ವೆಲ್ 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ನಾನು ಈ ಪ್ರಶ್ನೆ ಕೇಳಿದವರಿಗೆಲ್ಲ ಹೇಳುತ್ತೇನೆ. ಅದರಲ್ಲಿ ಮೂರು ಬಗೆಯ ಪ್ರಯೋಗಗಳನ್ನು ಹೋಲಿಸಿದ್ದಾರೆ. ಮೇಲ್ಮಣ್ಣನ್ನು ಬೇಕೆಂದೇ ಕೆರೆದು ತೆಗೆದು ಬೆಳೆ ಇಟ್ಟ ಪ್ರಯೋಗಗಳಲ್ಲಿ ಪ್ರತಿ 10 ಸೆಂಟಿಮೀಟರ್‌ಗೆ ಇಳುವರಿ ಸುಮಾರು ಶೇ 27 ಬಿತ್ತು. ದಿಣ್ಣೆಯ ನೆತ್ತಿಯಿಂದ ಬುಡದವರೆಗೆ ಸಾಲು ಹಿಡಿದು ಅಳೆದಾಗ ಸುಮಾರು ಶೇ 11. ಇಳಿಜಾರು, ಜಾಗ ಎಲ್ಲ ಒಂದೇ ಇದ್ದು ಸವೆತ ಮಾತ್ರ ಹೆಚ್ಚುಕಡಿಮೆ ಇರುವ ತುಂಡುಗಳನ್ನು ಅಕ್ಕಪಕ್ಕ ಹೋಲಿಸಿದಾಗ ಸುಮಾರು ಶೇ 4 ಮಾತ್ರ. ಒಂದೇ ಪ್ರಶ್ನೆಗೆ ಮೂರು ಉತ್ತರ ಬಂದದ್ದು ಅಳೆಯುವ ಕ್ರಮದಿಂದ. ಒಮ್ಮೆಲೇ ಕೆರೆದು ತೆಗೆದರೆ ಮಣ್ಣಿಗೆ ಹೊಂದಿಕೊಳ್ಳಲು ಕಾಲವೇ ಇರುವುದಿಲ್ಲ, ನಷ್ಟ ಅತಿಯಾಗಿ ಕಾಣುತ್ತದೆ. ಮೇಲಿನಿಂದ ಕೆಳಕ್ಕೆ ಹೋಲಿಸಿದರೆ ಸವಕಳಿಯ ಜೊತೆಗೆ ಜಾಗದ ಗುಣವೂ ಸೇರಿಕೊಳ್ಳುತ್ತದೆ.

ನೀವು ಮಾಡಿರುವುದು ಈ ಎರಡನೆಯ ಬಗೆಯ ಹೋಲಿಕೆ. ನೆತ್ತಿಯ ಮಣ್ಣು ತೆಳು, ಬುಡದ ಮಣ್ಣು ದಪ್ಪ ಇರುವುದು ನೇಗಿಲು ಬರುವುದಕ್ಕೂ ಮೊದಲಿನ ಮಾತು. ಪೂರ್ವ ಆಫ್ರಿಕದ ದಿಣ್ಣೆಗಳಲ್ಲಿ ಕೆಲಸ ಮಾಡಿದ ಜೆಫ್ರಿ ಮಿಲ್ನ್ 1935ರಲ್ಲಿ ಇದಕ್ಕೆ ಕ್ಯಾಟಿನಾ ಎಂದು ಹೆಸರಿಟ್ಟರು, ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಸರಪಳಿ. ನೆತ್ತಿ, ಓರೆ, ಬುಡ, ತಗ್ಗು ಒಂದಕ್ಕೊಂದು ಕೊಂಡಿ ಹಾಕಿಕೊಂಡಂತೆ ಇರುತ್ತವೆ. ಮೇಲಿನಿಂದ ಹೋದ ನೀರು, ಸುಣ್ಣ, ಜೇಡಿ ಕೆಳಗಿನದನ್ನು ರೂಪಿಸುತ್ತದೆ. ಇದರ ಜೊತೆಗೆ ಇಂದಿಗೂ ಮೇಲಿನ ಹೊಲದಲ್ಲಿ ಇಂಗಿದ ನೀರಿನ ಒಂದಷ್ಟು ಪಾಲು ಮಣ್ಣೊಳಗೇ ಇಳಿದು ಕೆಳಗಿನ ಹೊಲದ ಬೇರಿಗೆ ಸಿಗುತ್ತದೆ. ಆದ್ದರಿಂದ ನಿಮ್ಮ ಅರ್ಧಕ್ಕರ್ಧ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದ ಪಾಲು ಒಂದಿಷ್ಟು ಇದ್ದೇ ಇದೆ. ವೃತ್ತಿಯ ಆರಂಭದಲ್ಲಿ ನಾನು ಇಂಥ ಇಡೀ ಅಂತರವನ್ನು ಸವಕಳಿಯ ಲೆಕ್ಕಕ್ಕೇ ಬರೆಯುತ್ತಿದ್ದೆ. ಎಂದೂ ಉಳದ ಹುಲ್ಲುಗಾವಲಿನ ದಿಣ್ಣೆಯಲ್ಲಿ ಗುಂಡಿ ತೋಡಿ, ಅಲ್ಲಿಯೂ ನೆತ್ತಿಯ ಮಣ್ಣು ಮೊಣಕೈಯುದ್ದವೂ ಇಲ್ಲದ್ದನ್ನು ಕಂಡ ಮೇಲೆ ಬರೆಯುವ ಕ್ರಮ ಬದಲಾಯಿತು.

ಆದರೂ ನಿಮ್ಮ ಹಿರಿಯರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಮೂವತ್ತು ವರ್ಷದಲ್ಲಿ ಅಂತರ ಬೆಳೆದಿದೆ ಎಂದರೆ ಏನೋ ನಡೆದಿದೆ. ನೆತ್ತಿಯ ವಿಷಯದಲ್ಲಿ ನನ್ನ ಅನುಮಾನ ನೀರಿಗಿಂತ ಮೊದಲು ನೇಗಿಲಿನ ಮೇಲೆ. ಯೋಚಿಸಿ: ದಿಣ್ಣೆಯ ತುತ್ತತುದಿಯಲ್ಲಿ ಹರಿದು ಬರುವ ನೀರೇ ಇಲ್ಲ, ಅದಕ್ಕಿಂತ ಮೇಲೆ ಜಾಗವೇ ಇಲ್ಲವಲ್ಲ. ಹಾಗಿದ್ದರೂ ಬಹಳ ಕಡೆ ಅತಿ ತೆಳುವಾದ, ಅತಿ ಬಿಳಿಚಿದ ಮಣ್ಣು ಕಾಣುವುದು ಅಲ್ಲಿಯೇ. ಇಳಿಜಾರಿನಲ್ಲಿ ಉಳುವಾಗ ಪ್ರತಿ ಸಾಲಿನಲ್ಲೂ ಮಣ್ಣು ಮೇಲಕ್ಕೆ ಹೋಗುವುದಕ್ಕಿಂತ ಕೆಳಕ್ಕೆ ಹೆಚ್ಚು ಉರುಳುತ್ತದೆ. ಉಬ್ಬಿದ ನೆತ್ತಿಯಿಂದ ಮಣ್ಣು ಎಲ್ಲ ಕಡೆಗೂ ಹೊರಡುತ್ತದೆ, ವಾಪಸ್ ಬರುವ ಮಣ್ಣು ಇಲ್ಲ. ಇದನ್ನು ಉಳುಮೆಯ ಸವಕಳಿ ಎನ್ನುತ್ತಾರೆ. ಇದರಲ್ಲಿ ಕೊರಕಲು ಬೀಳುವುದಿಲ್ಲ, ಹಳ್ಳದ ನೀರು ಕೆಂಪಾಗುವುದಿಲ್ಲ, ಒಂದು ಹಿಡಿ ಮಣ್ಣೂ ಹೊಲದಿಂದಾಚೆ ಹೋಗುವುದಿಲ್ಲ. ಅದಕ್ಕೇ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಎತ್ತಿನ ನೇಗಿಲಿನಿಂದ ಟ್ರ್ಯಾಕ್ಟರ್‌ಗೆ ಬದಲಾದಾಗ ಆಳವೂ ವೇಗವೂ ಹೆಚ್ಚುತ್ತವೆ, ಎರಡೂ ಹೆಚ್ಚಿದಷ್ಟು ಈ ಸಾಗಣೆ ಹೆಚ್ಚುತ್ತದೆ. ಮೂವತ್ತು ವರ್ಷದಲ್ಲಿ ನಿಮ್ಮಲ್ಲಿ ಉಳುವ ವಿಧಾನ ಬದಲಾಯಿತೇ, ನೆನಪು ಮಾಡಿಕೊಳ್ಳಿ.

ಅಮೆರಿಕದ ಮಧ್ಯಭಾಗದ ಮೆಕ್ಕೆಜೋಳದ ಸೀಮೆಯಲ್ಲಿ ಇದಕ್ಕೆ ದೊಡ್ಡ ಪುರಾವೆ ಸಿಕ್ಕಿದೆ. ಉಪಗ್ರಹ ಚಿತ್ರಗಳಲ್ಲಿ ಮಣ್ಣಿನ ಬಣ್ಣ ನೋಡಿ ಎಲ್ಲೆಲ್ಲಿ ಕಪ್ಪು ಮೇಲ್ಪದರ ಪೂರ್ತಿ ಹೋಗಿದೆ ಎಂದು ಲೆಕ್ಕಹಾಕಿದ ಸಂಶೋಧಕರು, ಉಳುವ ಭೂಮಿಯ ಸುಮಾರು ಮೂರನೇ ಒಂದು ಭಾಗ ಆ ಪದರವನ್ನು ಕಳೆದುಕೊಂಡಿದೆ, ಅದರಿಂದ ಆ ಸೀಮೆಯ ಇಳುವರಿ ಸುಮಾರು ಶೇ 6 ತಗ್ಗಿದೆ ಎಂದು 2021ರಲ್ಲಿ ಅಂದಾಜಿಸಿದರು. ಮೇಲ್ಪದರ ಹೋದದ್ದು ಹೆಚ್ಚಾಗಿ ಉಬ್ಬಿದ ನೆತ್ತಿಗಳಲ್ಲಿ. ನೀರೇ ಮುಖ್ಯ ಕಾರಣವಾಗಿದ್ದರೆ ನಷ್ಟ ಕಡಿದಾದ ಓರೆಗಳಲ್ಲಿ ಮತ್ತು ನೀರು ಕೂಡಿಕೊಳ್ಳುವ ಸೆರಗುಗಳಲ್ಲಿ ಹೆಚ್ಚು ಕಾಣಬೇಕಿತ್ತು.

ಪ್ರಮಾಣದ ಅಂದಾಜು ಸಿಗಲು ಒಂದು ಗಣಿತ. ಒಂದು ಹೆಕ್ಟೇರಿನಿಂದ ಒಂದು ಮಿಲಿಮೀಟರ್ ಮಣ್ಣು ಹೋದರೆ 10 ಘನ ಮೀಟರ್. ಒಣ ಹೊಲದ ಮಣ್ಣು ಘನ ಮೀಟರಿಗೆ ಸುಮಾರು 1.3 ಟನ್ ತೂಗುವುದರಿಂದ ಅದು 13 ಟನ್. ಒಂದು ನಾಣ್ಯದಷ್ಟೂ ದಪ್ಪವಿಲ್ಲದ ಈ ಪದರ ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ವರ್ಷಕ್ಕೆ ಎರಡು ಮಿಲಿಮೀಟರಿನಂತೆ ಮೂವತ್ತು ವರ್ಷ ಹೋದರೆ 6 ಸೆಂಟಿಮೀಟರ್. 30 ಸೆಂಟಿಮೀಟರ್ ಮಣ್ಣಿದ್ದ ನೆತ್ತಿಯಲ್ಲಿ ಅದು ಐದನೇ ಒಂದು ಪಾಲು. ಹೊಸ ಮಣ್ಣು ಹುಟ್ಟುವ ವೇಗವಾದರೋ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಡೇವಿಡ್ ಮಾಂಟ್ಗೊಮೆರಿ 2007ರಲ್ಲಿ ಜಗತ್ತಿನ ಅಳತೆಗಳನ್ನು ಒಟ್ಟುಹಾಕಿದಾಗ, ಉಳುವ ಹೊಲಗಳ ಸವಕಳಿ ಮಣ್ಣು ಹುಟ್ಟುವ ವೇಗಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಎಂಬುದು ಕಂಡುಬಂತು. ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಟನ್‌ವರೆಗಿನ ನಷ್ಟವನ್ನು ಆಳವಾದ ಮಣ್ಣಿನಲ್ಲಿ ಸಹಿಸಬಹುದು ಎಂಬ ಅಮೆರಿಕದ ಹಳೆಯ ಮಿತಿಯನ್ನು ಈಗಲೂ ಎಲ್ಲೆಡೆ ಉಲ್ಲೇಖಿಸುತ್ತಾರೆ. ತೆಳುಮಣ್ಣಿನ ದಿಣ್ಣೆಗೆ ಆ ಮಿತಿಯನ್ನು ಹಿಡಿದುಕೊಂಡು ಕೂರುವುದು ಅಪಾಯ ಎಂಬುದು ನನ್ನ ಅಭಿಪ್ರಾಯ.

ನೆತ್ತಿಯಿಂದ ಇಳಿದು ಓರೆಗೆ ಬಂದರೆ ಅಲ್ಲಿ ನೀರಿನದೇ ಆಟ. ಹರಿಯುವ ನೀರಿಗಿಂತ ಮೊದಲು ಬೀಳುವ ಹನಿ ಕೆಲಸ ಶುರುಮಾಡುತ್ತದೆ. ಐದು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಜಿಟಿಜಿಟಿ ಮಳೆಯ ಅರ್ಧ ಮಿಲಿಮೀಟರ್ ಹನಿಗೆ ಎರಡು ಮೀಟರ್ ವೇಗವಷ್ಟೇ. ಬರಿ ಮಣ್ಣಿನ ಮೇಲೆ ದಪ್ಪ ಹನಿ ಬಿದ್ದಾಗ ಸಣ್ಣ ಸಣ್ಣ ಹರಳುಗಳಂತಿರುವ ಮಣ್ಣಿನ ಉಂಡೆಗಳು ಒಡೆಯುತ್ತವೆ, ಒಡೆದ ಪುಡಿ ಹತ್ತಿರದ ರಂಧ್ರಗಳಿಗೆ ಕೂತು ಮುಚ್ಚುತ್ತದೆ, ಮೇಲೊಂದು ಹೆಪ್ಪು ಕಟ್ಟುತ್ತದೆ. ಆಮೇಲೆ ಬಂದ ಮಳೆ ಇಂಗದೆ ಹರಿಯಲು ತೊಡಗುತ್ತದೆ. ಅಂದರೆ ಸವಕಳಿಯ ಮೊದಲ ನಷ್ಟ ನೀರು, ಎರಡನೆಯದು ಮಣ್ಣು. ಬಿತ್ತಿದ ಮೇಲೆ ಬಿದ್ದ ಜೋರು ಮಳೆಯಿಂದ ಮೊಳಕೆ ಹೆಪ್ಪನ್ನು ಭೇದಿಸಲಾಗದೆ ಅಲ್ಲಲ್ಲಿ ಸಾಲು ಖಾಲಿ ಉಳಿದರೆ ಅದೂ ಇದೇ ರೋಗದ ಲಕ್ಷಣ.

ಯಾವ ಮಣ್ಣು ಬೇಗ ಹೋಗುತ್ತದೆ? ತುಂಬಾ ಜನ ಮರಳು ಎನ್ನುತ್ತಾರೆ. ದಪ್ಪ ಮರಳಿನಲ್ಲಿ ನೀರು ಇಂಗಿಬಿಡುತ್ತದೆ, ಕಣವೂ ಭಾರ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗಿರುತ್ತವೆ. ನಡುವಿನ ರೇವೆ ಮತ್ತು ಅತಿ ನವುರಾದ ಮರಳು ಇವೆಯಲ್ಲ, ಒಣಗಿದಾಗ ಬೆರಳುಗಳ ನಡುವೆ ಹಿಟ್ಟಿನಂತೆ ಜಾರುವಂಥವು, ಅವಕ್ಕೆ ಭಾರವೂ ಇಲ್ಲ, ಅಂಟೂ ಇಲ್ಲ. ಹೋಗುವುದರಲ್ಲಿ ಅವೇ ಮುಂದು. ಇವನ್ನು ಹಿಡಿದಿಡುವ ಅಂಟು ಸಾವಯವ ಪದಾರ್ಥ. ಅದಕ್ಕಾಗಿಯೇ ಸವಕಳಿ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ: ಮೊದಲು ಕೊಚ್ಚಿಹೋಗುವುದು ಹಗುರವಾದ, ಸಾವಯವ ಇಂಗಾಲ ತುಂಬಿದ ಪದರ, ಅದು ಹೋದ ಮೇಲೆ ಉಂಡೆಗಳು ಇನ್ನೂ ಸುಲಭವಾಗಿ ಒಡೆಯುತ್ತವೆ. ಹೊಲದಿಂದ ಹೋದ ಮಣ್ಣನ್ನು ಹಿಡಿದು ಪರೀಕ್ಷಿಸಿದರೆ ಅದರಲ್ಲಿ ಇಂಗಾಲ, ಸಾರಜನಕ, ರಂಜಕ ಹೊಲದಲ್ಲಿ ಉಳಿದ ಮಣ್ಣಿಗಿಂತ ಹೆಚ್ಚಿರುವುದೇ ವಾಡಿಕೆ. ಹೆಚ್ಚಿಲ್ಲ ಎಂದೇ ಇಟ್ಟುಕೊಂಡರೂ, ಶೇ 1 ಇಂಗಾಲವಿರುವ 13 ಟನ್ ಮಣ್ಣಿನ ಜೊತೆ 130 ಕಿಲೋ ಇಂಗಾಲ, ಸುಮಾರು 11 ಕಿಲೋ ಸಾರಜನಕ ಹೋಗುತ್ತದೆ.

ಸವಕಳಿಯನ್ನು ಲೆಕ್ಕಹಾಕಲು ಹೆಚ್ಚು ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ 1965ರಲ್ಲಿ ಕೊಟ್ಟು 1978ರಲ್ಲಿ ಪರಿಷ್ಕರಿಸಿದರು. ಮಳೆಯ ಹೊಡೆತ, ಮಣ್ಣಿನ ಸ್ವಭಾವ, ಇಳಿಜಾರಿನ ಉದ್ದ ಮತ್ತು ಕಡಿದು, ಬೆಳೆ ಹಾಗೂ ಹೊದಿಕೆ, ಬದುವಿನಂಥ ಸಂರಕ್ಷಣಾ ಕ್ರಮ, ಇವನ್ನೆಲ್ಲ ಗುಣಿಸುವ ಸೂತ್ರ ಅದು. ಅದರ ವಿವರ ನಿಮಗೆ ಬೇಡ, ಆದರೆ ಗುಣಿಸುವುದು ಎಂಬುದರಲ್ಲಿ ಒಂದು ಪಾಠ ಇದೆ. ಯಾವುದಾದರೂ ಒಂದು ಅಂಶವನ್ನು ಹತ್ತನೇ ಒಂದಕ್ಕೆ ಇಳಿಸಿದರೆ ಒಟ್ಟು ನಷ್ಟವೂ ಹತ್ತನೇ ಒಂದಕ್ಕೆ ಇಳಿಯುತ್ತದೆ. ಮಳೆಯನ್ನೂ ಮಣ್ಣಿನ ಜಾತಿಯನ್ನೂ ನೀವು ಬದಲಿಸಲಾರಿರಿ. ಬದು ಹಾಕಿ ಇಳಿಜಾರಿನ ಉದ್ದವನ್ನು ಅರ್ಧ ಮಾಡಿದರೆ, ಶೇ 5 ಮತ್ತು ಅದಕ್ಕಿಂತ ಕಡಿದಾದ ಓರೆಯಲ್ಲಿ ಹೆಕ್ಟೇರು ಲೆಕ್ಕದ ನಷ್ಟ ಸುಮಾರು ಶೇ 30 ತಗ್ಗುತ್ತದೆ ಅಷ್ಟೇ. ನೆಲದ ಮೂರನೇ ಒಂದು ಭಾಗವನ್ನು ಬೆಳೆಯ ಉಳಿಕೆಯಿಂದ ಮುಚ್ಚಿದರೆ ನಷ್ಟ ಅರ್ಧ ಅಥವಾ ಅದಕ್ಕಿಂತಲೂ ಹೆಚ್ಚು ತಗ್ಗುತ್ತದೆ. ಪೂರ್ತಿ ಮುಚ್ಚಿದ ನೆಲದಲ್ಲಿ ಉಳಿಯುವುದು ಅತ್ಯಲ್ಪ. ಹಾಗಾಗಿ ಬದುವಿಗೆ ಖರ್ಚು ಮಾಡುವ ಮೊದಲು ಕೂಳೆಯನ್ನೂ ದಂಟನ್ನೂ ಸುಡುವುದನ್ನು ನಿಲ್ಲಿಸಿ ಎಂದು ಹೇಳುತ್ತಲೇ ಬಂದಿದ್ದೇನೆ. ಬದು ಬೇಡ ಎಂದಲ್ಲ, ಆದರೆ ಬದು ಹಿಡಿಯುವುದು ಆಗಲೇ ಹೊರಟುಬಿಟ್ಟ ಮಣ್ಣನ್ನು. ಹೊದಿಕೆ ಇದ್ದಲ್ಲಿ ಮಣ್ಣು ಹೊರಡುವುದೇ ಇಲ್ಲ.

ಈಗ ಹಳ್ಳದ ಕೆಂಪು ನೀರಿಗೆ ಬರೋಣ. ಹೊಲದಿಂದ ಹೊರಟ ಮಣ್ಣಿನಲ್ಲಿ ಹೆಚ್ಚಿನದು ನದಿಯನ್ನು ಮುಟ್ಟುವುದೇ ಇಲ್ಲ. ಓರೆಯ ಬುಡದಲ್ಲಿ, ಬೇಲಿಯ ಸಾಲಿನಲ್ಲಿ, ಹುಲ್ಲಿನ ಪಟ್ಟಿಯಲ್ಲಿ, ಹಳ್ಳದ ಪಕ್ಕದ ಬಯಲಿನಲ್ಲಿ ತಂಗುತ್ತಾ ಹೋಗುತ್ತದೆ. ಜಲಾನಯನ ದೊಡ್ಡದಾದಷ್ಟೂ ತಂಗಲು ಜಾಗ ಹೆಚ್ಚು. ದೊಡ್ಡ ಜಲಾನಯನಗಳಲ್ಲಿ ಕೆಳತುದಿಗೆ ಮುಟ್ಟುವುದು ಹತ್ತನೇ ಒಂದು ಭಾಗವೂ ಇರದಿರಬಹುದು. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಅಷ್ಟೇ ಮುಖ್ಯ: ನದಿಯಲ್ಲಿ ಕಾಣುವ ಹೂಳು ಇಂದಿನ ಹೊಲದ್ದೇ ಆಗಬೇಕಿಲ್ಲ. ದಂಡೆ ಕುಸಿದದ್ದು, ಕೊರಕಲಿನ ಗೋಡೆ ಬಿದ್ದದ್ದು, ದಾರಿಯ ಪಕ್ಕದ ಕಾಲುವೆಯದ್ದು, ಅಜ್ಜನ ಕಾಲದಲ್ಲಿ ತಂಗಿ ಈಗ ಮತ್ತೆ ಹೊರಟದ್ದು ಎಲ್ಲ ಅದರಲ್ಲಿರುತ್ತವೆ.

ಇದಕ್ಕೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೂನ್ ಕ್ರೀಕ್ ಎಂಬ ಹಳ್ಳದ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ದೇಶದ ಮೊದಲ ಜಲಾನಯನ ಸಂರಕ್ಷಣಾ ಯೋಜನೆ 1933ರಲ್ಲಿ ಅಲ್ಲೇ ಶುರುವಾಯಿತು. ಸಮಪಾತಳಿ ಉಳುಮೆ (ಒಂದೇ ಮಟ್ಟದ ಗೆರೆ ಹಿಡಿದು ಓರೆಗೆ ಅಡ್ಡಲಾಗಿ ಉಳುವುದು), ಪಟ್ಟಿ ಬೇಸಾಯ, ಮೇವಿನ ಬೆಳೆ ಎಲ್ಲ ಬಂದು ಮುಂದಿನ ದಶಕಗಳಲ್ಲಿ ಹೊಲಗಳ ಸವಕಳಿ ಬಹಳಷ್ಟು ಇಳಿಯಿತು. ಸ್ಟ್ಯಾನ್ಲಿ ಟ್ರಿಂಬಲ್ ಎಂಬ ಭೂಗೋಳ ವಿಜ್ಞಾನಿ 1853ರಿಂದ 1993ರವರೆಗಿನ ಹೂಳಿನ ಲೆಕ್ಕ ಹಾಕಿ 1999ರಲ್ಲಿ ಪ್ರಕಟಿಸಿದರು. ಹೊಲಗಳ ಸವಕಳಿ ಏರಿದಾಗಲೂ ಇಳಿದಾಗಲೂ ಹಳ್ಳದ ಬಾಯಿಂದ ಹೊರಹೋದ ಹೂಳು ಹೆಚ್ಚುಕಡಿಮೆ ಅಷ್ಟೇ ಇತ್ತು! ಸವಕಳಿ ಹೆಚ್ಚಿದ್ದ ಕಾಲದಲ್ಲಿ ಮಣ್ಣು ಕಣಿವೆಯಲ್ಲಿ ತಂಗಿತು, ಕಡಿಮೆಯಾದ ಕಾಲದಲ್ಲಿ ತಂಗಿದ್ದು ಕರಗಿ ಹೋಯಿತು. ಹಳ್ಳದ ನೀರಿನ ಬಣ್ಣವನ್ನಷ್ಟೇ ನೋಡುತ್ತಿದ್ದವರಿಗೆ ಮೇಲಿನ ಹೊಲಗಳ ಕೇಡೂ ಕಾಣುತ್ತಿರಲಿಲ್ಲ, ಸುಧಾರಣೆಯೂ ಕಾಣುತ್ತಿರಲಿಲ್ಲ.

ಮಣ್ಣು ಎಲ್ಲಿಂದ ಹೊರಟು ಎಲ್ಲಿ ನಿಂತಿತು ಎಂದು ನೇರವಾಗಿ ತಿಳಿಯಲು ವಿಜ್ಞಾನಿಗಳು ಸೀಸಿಯಂ-137 ಎಂಬ ಧಾತುವಿನ ಜಾಡು ಹಿಡಿಯುತ್ತಾರೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಆಕಾಶಕ್ಕೆ ಸೇರಿದ ಅದು ಮಳೆಯೊಂದಿಗೆ ಇಳಿದು ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ಉಳದ, ಸವೆಯದ ಜಾಗಕ್ಕಿಂತ ಅದು ಕಡಿಮೆ ಇದ್ದಲ್ಲಿ ಮಣ್ಣು ಹೋಗಿದೆ, ಹೆಚ್ಚು ಇದ್ದಲ್ಲಿ ಬಂದು ಕೂತಿದೆ. ಅಷ್ಟು ದೊಡ್ಡ ಉಪಕರಣ ನಿಮಗೆ ಬೇಕಾಗಿಲ್ಲ. ಒಂದು ಹಾರೆ, ಒಂದು ಗುದ್ದಲಿ, ಒಂದು ಅಳತೆ ಪಟ್ಟಿ ಸಾಕು.

ನೆತ್ತಿಯಲ್ಲಿ, ಓರೆಯ ನಡುವೆ, ಬುಡದಲ್ಲಿ, ಹಳ್ಳದ ಹತ್ತಿರ ಹೀಗೆ ಒಂದೇ ಸಾಲಿನಲ್ಲಿ ನಾಲ್ಕು ಗುಂಡಿ ತೋಡಿ. ಸಾಧ್ಯವಾದರೆ ಒಂದು ಮೀಟರ್ ಆಳಕ್ಕೆ ಹೋಗಿ, ಅದಕ್ಕಿಂತ ಮೊದಲೇ ಗಟ್ಟಿ ಸಿಕ್ಕಿದರೆ ಅಲ್ಲಿಗೆ ನಿಲ್ಲಿಸಿ. ಬೆಳೆ ನಿಂತಿರುವಾಗಲೇ, ಮಳೆ ನಿಂತು ಮೂರ್ನಾಲ್ಕು ದಿನದ ಮೇಲೆ ತೋಡಿದರೆ ಬೇರು ಎಲ್ಲಿಯವರೆಗೆ ಇಳಿದಿದೆ, ತೇವ ಎಲ್ಲಿ ನಿಂತಿದೆ ಎರಡೂ ಕಾಣುತ್ತವೆ. ಕಪ್ಪು ಅಥವಾ ಗಾಢ ಬಣ್ಣದ ಪದರ ಎಷ್ಟು ದಪ್ಪ, ಎಷ್ಟನೇ ಸೆಂಟಿಮೀಟರಿಗೆ ಬಣ್ಣ ಬದಲಾಯಿತು, ಕಲ್ಲು ಎಷ್ಟು, ಬೇರು ಎಲ್ಲಿ ಅಡ್ಡ ತಿರುಗಿದೆ, ಬರೆದುಕೊಳ್ಳಿ. ಬೇರು ಆಳಕ್ಕಿಳಿಯದೆ 15-20 ಸೆಂಟಿಮೀಟರಿನಲ್ಲೇ ಅಡ್ಡಡ್ಡ ಹರಡಿದ್ದರೆ ಅದು ನೇಗಿಲಿನ ಅಡಿಯ ಗಟ್ಟಿ ಪದರ ಇರಬಹುದು. ಅದು ಸವಕಳಿಯಿಂದ ಆದದ್ದಲ್ಲ, ಪರಿಹಾರವೂ ಬೇರೆ. ಬುಡದ ಗುಂಡಿಯಲ್ಲಿ ಹಳೆಯ ಕಪ್ಪು ಪದರದ ಮೇಲೆ ತಿಳಿ ಬಣ್ಣದ ಮಣ್ಣು ಕೂತಿದ್ದರೆ ಅದು ಮೇಲಿನಿಂದ ಬಂದದ್ದು. ನಿಮ್ಮ ಮೇಲಿನ ಹೊಲದ ಚರಿತ್ರೆ ಅಲ್ಲಿ ಮಡಚಿಟ್ಟಂತೆ ಸಿಗುತ್ತದೆ, ಅದರ ದಪ್ಪವನ್ನು ತಪ್ಪದೆ ಅಳೆಯಿರಿ.

ಜೊತೆಗೆ ಪ್ರತಿ ಗುಂಡಿಯ ಮೇಲ್ಮಣ್ಣಿನಿಂದ ಕಡಲೆಕಾಳಿನ ಗಾತ್ರದ ನಾಲ್ಕಾರು ಹೆಂಟೆಗಳನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಗಾಜಿನ ಲೋಟದಲ್ಲಿ ನೀರಿಟ್ಟು ಮೆಲ್ಲಗೆ ಬಿಡಿ. ಐದು ನಿಮಿಷ ನೋಡಿ. ಉಂಡೆ ಹಾಗೆಯೇ ಉಳಿದರೆ ಒಳ್ಳೆಯದು, ಕುಸಿದು ಗುಡ್ಡೆಯಾದರೆ ಮಳೆ ಹನಿಗೂ ಅದು ಹಾಗೆಯೇ ಕುಸಿಯುತ್ತದೆ. ನೀರು ಬಹಳ ಹೊತ್ತು ಹಾಲಿನಂತೆ ಕದಡಿಯೇ ಇದ್ದರೆ ಸೋಡಿಯಂ ಹೆಚ್ಚಿರಬಹುದು, ಆಗ ಪ್ರಯೋಗಾಲಯಕ್ಕೆ ಮತ್ತೆ ಕಳಿಸಬೇಕು.

ಗೊಬ್ಬರದ ಪ್ರಶ್ನೆಗೆ ಈಗ ಸರಿಯಾಗಿ ಉತ್ತರಿಸಬಹುದು. ನೆತ್ತಿಯಲ್ಲಿ ಬೇರಿಗೆ 40 ಸೆಂಟಿಮೀಟರ್ ಕೂಡ ಸಿಗದಿದ್ದರೆ ರಾಸಾಯನಿಕ ಗೊಬ್ಬರ ಹೆಚ್ಚಿಸಬೇಡಿ. ನೀರಿಲ್ಲದೆ ಬೆಳೆ ಅದನ್ನು ಬಳಸುವುದಿಲ್ಲ, ಮುಂದಿನ ಜೋರು ಮಳೆಗೆ ಅದು ಹಳ್ಳಕ್ಕೆ ಹೋಗುತ್ತದೆ. ಆಳ ಸಾಕಷ್ಟಿದ್ದು ಮೇಲ್ಪದರ ಮಾತ್ರ ಬಿಳಿಚಿದ್ದರೆ ಸಾರಜನಕಕ್ಕೂ ರಂಜಕಕ್ಕೂ ಬೆಳೆ ಸ್ಪಂದಿಸಬಹುದು. ಮೇಲೆದ್ದ ಕೆಳಮಣ್ಣಿನಲ್ಲಿ ಸುಣ್ಣವೋ ಕಬ್ಬಿಣದ ಅಂಶವೋ ಹೆಚ್ಚಿದ್ದರೆ ಹಾಕಿದ ರಂಜಕವನ್ನು ಅದು ಕಟ್ಟಿಹಾಕುವುದರಿಂದ ಎರಚುವ ಬದಲು ಬೀಜದ ಸಾಲಿನ ಪಕ್ಕಕ್ಕೆ ಕೊಡುವುದು ಮೇಲು. ಇಡೀ ಹೊಲಕ್ಕೆ ಹಾಕುವ ಮೊದಲು ನೆತ್ತಿಯಿಂದ ಬುಡದವರೆಗೆ ಒಂದೇ ಒಂದು ಪಟ್ಟಿಗೆ ಹೆಚ್ಚುವರಿ ಗೊಬ್ಬರ ಕೊಟ್ಟು ತೂಕ ಹಾಕಿ ನೋಡಿ. ಆ ಪಟ್ಟಿಯ ತಕ್ಕಡಿ ನನ್ನ ಉತ್ತರಕ್ಕಿಂತ ನಂಬಲರ್ಹ.

ಸಾವಯವ ಗೊಬ್ಬರದ ಮಾತು ಬೇರೆ. ಕೆನಡಾದ ಆಲ್ಬರ್ಟಾ ಪ್ರಾಂತದ ಲೆತ್‌ಬ್ರಿಜ್‌ನಲ್ಲಿ ಮೇಲ್ಮಣ್ಣು ಕೆರೆದು ತೆಗೆದ ತಾಕುಗಳಲ್ಲಿ ಏನು ಹಾಕಿದರೆ ಇಳುವರಿ ಮರಳುತ್ತದೆ ಎಂದು ಪ್ರಯೋಗ ಮಾಡಿದಾಗ, ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಪ್ರಾಣಿಜನ್ಯ ಗೊಬ್ಬರ. ನಿಮ್ಮಲ್ಲಿರುವ ಕೊಟ್ಟಿಗೆ ಗೊಬ್ಬರ ಇಡೀ ಜಮೀನಿಗೆ ಸಾಲದು ಎಂದರೆ ಕೆಳಗಿನ ಹೊಲಕ್ಕೆ ಎರಡು ಮೂರು ವರ್ಷ ತಪ್ಪಿಸಿ, ಎಲ್ಲವನ್ನೂ ನೆತ್ತಿಗೇ ಕೊಡಿ. ಗಾಡಿಗೆ ಸುಲಭವೆಂದು ಗೊಬ್ಬರ ತಗ್ಗಿನ ಹೊಲಕ್ಕೆ ಸುರಿಯುವುದು ಎಲ್ಲೆಡೆಯ ಅಭ್ಯಾಸ, ಬೇಕಾದ ಜಾಗಕ್ಕೆ ತೀರಾ ವಿರುದ್ಧ. ಬುಡದಲ್ಲಿ ಬಂದು ಕೂತ ಮೇಲ್ಮಣ್ಣು ದಪ್ಪವಾಗಿದ್ದು ಹೊತ್ತೊಯ್ಯುವ ಅನುಕೂಲ ಇದ್ದರೆ ಅದನ್ನೇ ನೆತ್ತಿಗೆ ವಾಪಸ್ ಹರಡುವುದೂ ಒಳ್ಳೆಯ ಕೆಲಸ. ಉತ್ತರ ಅಮೆರಿಕದ ಸವೆದ ದಿಣ್ಣೆಗಳಲ್ಲಿ ಹೀಗೆ ಮಾಡಿ ಇಳುವರಿ ಹೆಚ್ಚಿಸಿದ್ದಾರೆ. ಆದರೆ ಉಳುವ ಕ್ರಮ ಬದಲಾಗದಿದ್ದರೆ ಹಾಕಿದ ಮಣ್ಣು ಅದೇ ದಾರಿ ಹಿಡಿದು ಮತ್ತೆ ಕೆಳಗಿಳಿಯುತ್ತದೆ.

ಅದಕ್ಕೇ ಉಳುಮೆ ಮೊದಲು. ನೆತ್ತಿಯ ಭಾಗಕ್ಕೆ ನೇಗಿಲು ಹಾಕದೆ ಬಿತ್ತಲು ಸಾಧ್ಯವಾದರೆ ಅದಕ್ಕಿಂತ ಮೇಲಾದದ್ದಿಲ್ಲ. ಉಳಲೇಬೇಕೆಂದರೆ ಓರೆಗೆ ಅಡ್ಡಲಾಗಿ, ಮಣ್ಣು ಮೇಲ್ಮುಖವಾಗಿ ಮಗುಚುವಂತೆ, ಕಡಿಮೆ ಆಳಕ್ಕೆ, ನಿಧಾನವಾಗಿ ಉಳುಮೆ ಮಾಡಿ. ಮೇಲಿನಿಂದ ಕೆಳಕ್ಕೆ ಉಳುವುದನ್ನು ಇವತ್ತೇ ಬಿಡಿ. ದಂಟನ್ನು ನೆಲದ ಮೇಲೆ ಬಿಡಿ, ಸಾಲುಗಳ ನಡುವೆ ನೆಲ ಮುಚ್ಚುವ ದ್ವಿದಳ ಬೆಳೆ ಇಡಿ. ಓರೆಯಲ್ಲಿ ಸಮಪಾತಳಿಗೆ ಲಾವಂಚದಂಥ ಆಳ ಬೇರಿನ ಹುಲ್ಲಿನ ಸಾಲು ನೆಟ್ಟರೆ ಕಾಲಕ್ರಮದಲ್ಲಿ ಅದರ ಹಿಂದೆ ಮಣ್ಣು ನಿಂತು ಬದು ತಾನಾಗಿಯೇ ಏಳುತ್ತದೆ. ಮಣ್ಣಿನ ಬದುವನ್ನೇ ಹಾಕುವುದಾದರೆ ಹೆಚ್ಚಿನ ನೀರು ಹೊರಹೋಗಲು ಕಲ್ಲು ಕಟ್ಟಿದ ಕೋಡಿ ಇರಲೇಬೇಕು. ಕೋಡಿ ಇಲ್ಲದ ಬದು ಒಡೆದರೆ ಹತ್ತು ವರ್ಷದಲ್ಲಿ ಆಗುವ ಕೊರಕಲು ಒಂದೇ ರಾತ್ರಿಯಲ್ಲಿ ಆಗುತ್ತದೆ, ಅಂಥದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮುಂದಿನ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹೊಲದ ಮೇಲ್ಗಡೆಯ ಗಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ನೀರು ಪಕ್ಕದ ಜಮೀನಿನಿಂದಲೋ ದಾರಿಯಿಂದಲೋ ಒಳಗೆ ಬರುತ್ತಿದೆಯೇ, ಯಾವ ಜಾಗದಲ್ಲಿ ಕೂಡಿ ಹರಿಯತೊಡಗುತ್ತದೆ, ಎಲ್ಲಿ ಅದರ ಬಣ್ಣ ಬದಲಾಗುತ್ತದೆ, ಆ ಜಾಗಗಳಲ್ಲಿ ಗೂಟ ನೆಡಿ. ಆ ಗೂಟಗಳ ನಕ್ಷೆ ಮತ್ತು ನಾಲ್ಕು ಗುಂಡಿಗಳ ಅಳತೆ ಬರೆದು ಕಳಿಸಿದರೆ ಹುಲ್ಲಿನ ಸಾಲು ಎಲ್ಲೆಲ್ಲಿ ಬರಬೇಕು, ಕೋಡಿ ಎಲ್ಲಿರಬೇಕು ಎಂದು ಜಾಗ ಗುರುತಿಸಿ ಹೇಳುತ್ತೇನೆ.